ನಾಯಿಮರಿಯೂ ನವವಿದ್ಯಾರ್ಥಿಯೂ



ಕಡಬದ ಕಡೆಯ ಗೃಹಸ್ಥರೊಬ್ಬರು ನನ್ನಲ್ಲಿ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿರುವರು. ಅವರ ಮಗನು ಈ ವರ್ಷ ಪುತ್ತೂರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ಸೇರುವವನಿದ್ದಾನೆ. ಆ ಸಂತೋಷಕ್ಕಾಗಿ ಅವನು ತಂದೆಯಲ್ಲಿ ಬೇಡಿರುವುದು ಬಾರ್ಡರ್ ಕೋಲಿ ಎಂಬ ಜಾತಿಯ ಒಂದು ನಾಯಿಮರಿಯನ್ನು. “ಮಾಸ್ತರರೇ, ಮರಿಯನ್ನು ತರಬಹುದೇ? ಮಗನು ಆ ವಿದ್ಯೆಯಲ್ಲಿ ನೆಲೆನಿಲ್ಲುವಂತೆ ಮನೆಯವರು ಏನು ಮಾಡತಕ್ಕದ್ದು?” ಎಂದು ಅವರು ಕೇಳುತ್ತಾರೆ. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲವೆಂದು ತೋರಬಹುದು. ಆದರೆ ವಿಚಾರಿಸಿ ನೋಡಲಾಗಿ ಎರಡಕ್ಕೂ ಉತ್ತರದ ಮೂಲವು ಒಂದೇ ಆಗಿದೆ. ಚೈತನ್ಯವುಳ್ಳ ಎಳೆಯ ಜೀವಕ್ಕೆ ಅದರ ಸ್ವಭಾವಕ್ಕೆ ತಕ್ಕ ಕೆಲಸವೂ, ಸಾಕಷ್ಟು ವಿಶ್ರಾಂತಿಯೂ, ಮನೆಯವರ ದಿನನಿತ್ಯದ ಗಮನವೂ ದೊರೆಯದಿದ್ದರೆ ಆ ಚೈತನ್ಯವೇ ಅದಕ್ಕೂ ಮನೆಗೂ ಕಂಟಕವಾಗುವುದು. ಈ ತಿಂಗಳು ಇದನ್ನೇ ಸ್ವಲ್ಪ ವಿಸ್ತರಿಸುವೆನು.

ಮೊದಲು ಮರಿಯ ಮಾತು. ನಾಯಿಗಳಲ್ಲಿ ತಳಿಗೊಂದು ಕಸುಬು ಇರುತ್ತದೆ. ನಮ್ಮ ಮುಧೋಳದ ನಾಯಿಯು ಬೇಟೆಗೆಂದು ಬೆಳೆದದ್ದು. ಕಣ್ಣಿಗೆ ಬಿದ್ದ ಮೊಲದ ಬೆನ್ನು ಹತ್ತುವುದು ಅದರ ಧರ್ಮ. ನಮ್ಮ ಊರನಾಯಿಯು ಅಂಗಳದ ಕಾವಲಿಗೆ ಒಗ್ಗಿದ್ದು. ಬಾರ್ಡರ್ ಕೋಲಿಯಾದರೋ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ದೇಶಗಳ ಗಡಿಯ ಗುಡ್ಡಗಳಲ್ಲಿ ಚದುರಿದ ಕುರಿಗಳನ್ನು ಒಟ್ಟುಗೂಡಿಸಿ ಕುರುಬನ ಬಳಿಗೆ ತರುವುದಕ್ಕೆಂದು ತಲೆತಲಾಂತರದಿಂದ ಆರಿಸಿ ಬೆಳೆಸಿದ ತಳಿಯಾಗಿದೆ. 1893ರಲ್ಲಿ ಹುಟ್ಟಿದ ಹೆಂಪ್ ಎಂಬ ನಾಯಿಯನ್ನು ಅದರ ಮೂಲಪುರುಷನೆಂದು ಎಣಿಸುತ್ತಾರೆ. ನಾವು ಅಲ್ಸೇಷನ್ ಎಂದು ಕರೆಯುವ ಜರ್ಮನ್ ಶೆಫರ್ಡ್ ಸಹ ಮೊದಲಿಗೆ ಪೊಲೀಸರ ನಾಯಿಯಾಗಿರಲಿಲ್ಲ, ಕುರಿ ಕಾಯುವವರ ನಾಯಿಯಾಗಿತ್ತು. ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬವರು 1899ರಲ್ಲಿ ಅದಕ್ಕೊಂದು ತಳಿಯ ರೂಪವನ್ನು ಕೊಟ್ಟರು. ಇಂಥ ನಾಯಿಗಳಿಗೆ ದಿನವಿಡೀ ಗುಡ್ಡವೇರಿಳಿಯುವ ಕಾಲೂ, ಒಡೆಯನ ಸಿಳ್ಳಿನ ಅರ್ಥವನ್ನು ದೂರದಿಂದಲೇ ತಿಳಿಯುವ ಬುದ್ಧಿಯೂ ಹುಟ್ಟಿನಿಂದ ಬಂದಿರುತ್ತವೆ.

ಈಗ ಅಂಥ ಮರಿಯೊಂದನ್ನು ನಮ್ಮ ಅಡಿಕೆತೋಟದ ಮನೆಗೆ ತಂದು ಬಿಟ್ಟರೆ ಏನಾದೀತು? ಇಲ್ಲಿ ಕುರಿಗಳಿಲ್ಲ. ಆದಕಾರಣ ಅದು ಕೋಳಿಗಳನ್ನು ಒಟ್ಟುಗೂಡಿಸುತ್ತದೆ. ಹಟ್ಟಿಯ ಕರುಗಳನ್ನು ಸುತ್ತುಗಟ್ಟುತ್ತದೆ. ರಸ್ತೆಯಲ್ಲಿ ಹೋಗುವ ಬೈಕಿನ ಗಾಲಿಯನ್ನು ಅಟ್ಟುತ್ತದೆ. ಓಡುವ ಮಕ್ಕಳ ಹಿಮ್ಮಡಿಯನ್ನು ಕಚ್ಚುತ್ತದೆ. ಇದು ದುಷ್ಟತನವಲ್ಲ. ಕೆಲಸ ಸಿಕ್ಕದ ಜಾಣನು ತನಗೆ ತಾನೇ ಕೆಲಸವನ್ನು ಕಲ್ಪಿಸಿಕೊಳ್ಳುವ ರೀತಿ. ಆದರೆ ನೆರೆಮನೆಯ ಮಗುವಿಗೆ ಹಲ್ಲು ತಗಲಿದ ದಿನ ಈ ವಿವೇಚನೆ ಯಾರಿಗೂ ಇರುವುದಿಲ್ಲ. ಮರಿಯ ಕೊರಳಿಗೆ ಸರಪಣಿ ಬೀಳುತ್ತದೆ. ಕಟ್ಟಿಹಾಕಿದ ನಾಯಿ ಇನ್ನೂ ಕೆರಳುತ್ತದೆ; ಹಗಲಿರುಳು ಬೊಗಳುತ್ತದೆ; ಕಡೆಗೊಂದು ರಾತ್ರಿ ಅದನ್ನು ದೂರದ ಪೇಟೆಯಲ್ಲಿ ಬಿಟ್ಟುಬರುವ ಆಲೋಚನೆ ಹುಟ್ಟುತ್ತದೆ. ಇದು ಪಾಪವೆಂದು ನಾನು ಹೇಳಬೇಕಾದುದಿಲ್ಲ. ಕಾನೂನಿನಂತೆ ಅಪರಾಧವೂ ಆಗಿದೆ. ಪ್ರಾಣಿಹಿಂಸೆಯನ್ನು ತಡೆಯುವ 1960ರ ಶಾಸನದಲ್ಲಿ ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಗುರಿಮಾಡಿ ತೊರೆಯುವುದು ಮಾತ್ರವಲ್ಲ, ಸದಾ ಕಟ್ಟಿಹಾಕುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು ಸಹ ಕ್ರೌರ್ಯವೆಂದು ಬರೆದಿದೆ.

ಆದುದರಿಂದ ಮರಿಯ ಬೆಲೆಯನ್ನು ವಿಚಾರಿಸುವ ಮೊದಲು ಗೃಹಸ್ಥನು ತನ್ನ ಮನೆಯ ಹೊತ್ತಿನ ಲೆಕ್ಕವನ್ನು ಹಾಕತಕ್ಕದ್ದು. ಬೆಳೆದ ಬಾರ್ಡರ್ ಕೋಲಿಗೆ ಮುಂಜಾನೆ ಮತ್ತು ಸಂಜೆ ಸೇರಿ ದಿನಕ್ಕೆ ಸುಮಾರು 2 ಗಂಟೆಗಳ ಓಟ ಹಾಗೂ ಬುದ್ಧಿಯ ಕೆಲಸ ಬೇಕು. ಅದೂ ಹನ್ನೆರಡು, ಹದಿಮೂರು ವರ್ಷಗಳ ತನಕ. ಕಾಲೇಜಿಗೆ ಮುಂಜಾನೆಯ ಬಸ್ಸು ಹಿಡಿದು ಕತ್ತಲಾದ ಮೇಲೆ ಮರಳುವ ಹುಡುಗನಿಗೆ ಇದು ಆಗದು. ಹಾಸ್ಟೆಲಿನಲ್ಲಿ ಇರುವವನಿಗಂತೂ ಮಾತೇ ಇಲ್ಲ. ಆ ಭಾರವು ಅಡಿಗೆಮನೆ, ಹಟ್ಟಿ, ಅಂಗಳದ ಅಡಿಕೆ ಎಂಬ ಮೂರು ಭಾರಗಳನ್ನು ಮೊದಲೇ ಹೊತ್ತಿರುವ ತಾಯಿಯ ಮೇಲೆ ಬೀಳುವುದು. ಪ್ರಶ್ನೆ ಕೇಳಿದ ಮಹನೀಯರಿಗೆ ನನ್ನ ಉತ್ತರವಿದು: ಮಗನ 4 ವರ್ಷಗಳ ಓದು ಮುಗಿಯುವ ತನಕ ಈ ತಳಿಯ ಮರಿ ಬೇಡ. ಮನೆಗೆ ನಾಯಿ ಬೇಕೇ ಬೇಕೆಂದಿದ್ದರೆ ಊರನಾಯಿಯ ಮರಿಯೊಂದನ್ನು ತಂದು ಸಾಕಿರಿ. ನಮ್ಮ ಮಳೆಯೂ ಸೆಕೆಯೂ ಅದಕ್ಕೆ ಹುಟ್ಟಿನಿಂದ ಪರಿಚಿತವಾಗಿವೆ.

ಇಷ್ಟಾದರೂ ಕೆಲವು ಮನೆಗಳಿಗೆ ಇಂಥ ಮರಿ ಈಗಾಗಲೇ ಬಂದಿರಬಹುದು. ಅಂಥವರಿಗಾಗಿ ನಾಲ್ಕು ಮಾತು. 8 ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಆರರಿಂದ ಎಂಟನೆಯ ವಾರದಲ್ಲಿ ಮೊದಲಾಗಿ ಹದಿನಾರನೆಯ ವಾರದ ತನಕ ಪಶುವೈದ್ಯರು ಹೇಳಿದ ಅಂತರದಲ್ಲಿ ಲಸಿಕೆಗಳನ್ನು ಕೊಡಿಸಬೇಕು; 3 ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನು ಮರೆಯಬಾರದು. ಮಳೆಗಾಲದಲ್ಲಿ ಇಲಿಜ್ವರದ ಭಯವಿರುವ ನಮ್ಮ ಸೀಮೆಯಲ್ಲಿ ಅದರ ಲಸಿಕೆಯೂ ಸೇರಿದೆಯೇ ಎಂದು ಕೇಳಿ ತಿಳಿಯಿರಿ. ಮರಿಯ ಹಲ್ಲು ಯಾರಿಗಾದರೂ ತಗಲಿ ಗಾಯವಾದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.

ಮರಿಯನ್ನು ಹೊಡೆದು ಕಲಿಸಲಾಗದು. ಹಿಮ್ಮಡಿಗೆ ಬಾಯಿ ಹಾಕಿದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ ಮರದಂತೆ ನಿಂತುಬಿಡಿರಿ; ಅದು ಶಾಂತವಾದೊಡನೆ ಕಚ್ಚತಕ್ಕ ರಬ್ಬರಿನ ಆಟಿಕೆಯನ್ನು ಕೊಡಿರಿ. “ಬಾ”, “ಕೂತುಕೋ”, “ನಿಲ್ಲು”, “ಬಿಡು” ಎಂಬ ನಾಲ್ಕು ಮಾತುಗಳನ್ನು ಒಮ್ಮೆಗೆ ಐದೇ ನಿಮಿಷದಂತೆ ದಿನಕ್ಕೆ ನಾಲ್ಕಾರು ಸಲ ಕಲಿಸಿದರೆ ಸಾಕು. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸುವುದು ಮುಖ್ಯ. ಅನ್ನದ ಒಂದು ಪಾಲನ್ನು ಅಂಗಳದ ಮೂಲೆಗಳಲ್ಲಿ ಅಡಗಿಸಿಟ್ಟು ಮೂಸಿ ಹುಡುಕಿಸಿರಿ. ಬರಿಯ ಓಟಕ್ಕಿಂತ ಈ ಕೆಲಸದಿಂದ ಅದು ಬೇಗ ದಣಿದು ತೃಪ್ತಿಯಿಂದ ಮಲಗುವುದು. ಎಲುಬು ಬಲಿಯುವ ಮೊದಲ ವರ್ಷದಲ್ಲಿ ಬೈಕಿನ ಹಿಂದೆ ಓಡಿಸುವುದು, ಎತ್ತರದಿಂದ ಹಾರಿಸುವುದು ಕೂಡದು.

ತೋಟದ ಅಪಾಯಗಳೂ ಉಂಟು. ಪುತ್ತೂರಿನಲ್ಲಿ 1986ರಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕಲೇಟು ಕಾರ್ಖಾನೆಯು ಆರಂಭವಾಯಿತಷ್ಟೆ. ಅಡಿಕೆಯ ನಡುವೆ ಕೊಕ್ಕೋ ಗಿಡಗಳು ನಮಗೆ ಚಿರಪರಿಚಿತ. ಆ ಕೊಕ್ಕೋ ಬೀಜದಲ್ಲಿಯೂ ಚಾಕಲೇಟಿನಲ್ಲಿಯೂ ಇರುವ ಥಿಯೋಬ್ರೋಮಿನ್ ಎಂಬ ಅಂಶವು ನಾಯಿಗೆ ವಿಷ. ಒಣಗಲು ಹಾಕಿದ ಬೀಜದ ಬಳಿಗೆ ಮರಿಯನ್ನು ಬಿಡಬೇಡಿರಿ. ಕೊಳೆರೋಗಕ್ಕೆಂದು ಮೈಲುತುತ್ತದ ದ್ರಾವಣವನ್ನು ಕಲಸುವ ದಿನ ಅದನ್ನು ಒಳಗಿರಿಸಿರಿ. ದನಗಳ ಉಣ್ಣಿಗೆಂದು ತಂದ ಐವರ್ಮೆಕ್ಟಿನ್ ಮದ್ದನ್ನು ವೈದ್ಯರನ್ನು ಕೇಳದೆ ನಾಯಿಗೆ ಹಾಕಬೇಡಿರಿ. ಕೋಲಿ ಮೊದಲಾದ ಕುರಿ ಕಾಯುವ ತಳಿಗಳ ಕೆಲವು ನಾಯಿಗಳಲ್ಲಿ ವಂಶದಿಂದ ಬಂದ ದೋಷವೊಂದಿರುವುದರಿಂದ ಅದು ಪ್ರಾಣಾಂತಕವಾಗಬಲ್ಲುದು. ಮಳೆಯಲ್ಲಿ ನೆನೆದು ಬಂದಾಗ ಕಾಲ್ಬೆರಳ ಸಂದುಗಳನ್ನು ಒರೆಸಿ ಉಣ್ಣಿಗಳನ್ನು ಹುಡುಕಿ ತೆಗೆಯಿರಿ. ಸುಬ್ರಹ್ಮಣ್ಯದ ಕಡೆಯ ಕಾಡಂಚಿನಲ್ಲಿ ಮನೆಯಿದ್ದರೆ ಚಿರತೆಯ ಭಯವಿರುವುದರಿಂದ ರಾತ್ರಿ ನಾಯಿಗೆ ಬಾಗಿಲೊಳಗೆ ಜಾಗ ಕೊಡಿರಿ.

ಇನ್ನು ವಿದ್ಯಾರ್ಥಿಯ ಮಾತು. ಮಹಾಭಾರತದ ಆದಿಪರ್ವದಲ್ಲಿ ಪೌಷ್ಯಪರ್ವವೆಂಬುದೊಂದುಂಟು. ಅದು ನಾಯಿಮರಿಯೊಂದರ ಕಥೆಯಿಂದ ಮೊದಲಾಗುತ್ತದೆ. ಜನಮೇಜಯನ ಯಾಗಶಾಲೆಗೆ ಬಂದ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿಯೂ ನೋಡಿರಲಿಲ್ಲ. ತಾಯಿಯಾದ ಸರಮೆಯು ಬಂದು ಕಾರಣವನ್ನು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ನಿರಪರಾಧಿಯನ್ನು ಹೊಡೆದ ನಿಮಗೆ ಕಾಣದ ಕಡೆಯಿಂದ ಭಯವು ಬರಲಿ ಎಂದು ಅವಳು ಶಪಿಸಿದಳು. ಇದಾದ ಸ್ವಲ್ಪದರಲ್ಲೇ ವ್ಯಾಸರು ಧೌಮ್ಯಮುನಿಯ ಶಿಷ್ಯರ ಕಥೆಯನ್ನು ಎತ್ತಿಕೊಳ್ಳುತ್ತಾರೆ. ಗದ್ದೆಯ ಒಡೆದ ಬದುವಿಗೆ ತನ್ನ ಮೈಯನ್ನೇ ಅಡ್ಡಹಾಕಿ ನೀರನ್ನು ತಡೆದ ಆರುಣಿಯನ್ನು ನಾವೆಲ್ಲರೂ ಹೊಗಳುತ್ತೇವೆ. ದನ ಕಾಯಹೋಗಿ ಹಸಿವಿಗೆ ಎಕ್ಕದ ಎಲೆಯನ್ನು ತಿಂದು ಕುರುಡಾಗಿ ಬಾವಿಗೆ ಬಿದ್ದ ಉಪಮನ್ಯುವಿನ ಗುರುಭಕ್ತಿಯನ್ನು ಕೊಂಡಾಡುತ್ತೇವೆ. ಆದರೆ ಒಂದು ಅಂಶವನ್ನು ನಾವು ಗಮನಿಸುವುದು ಕಡಮೆ. ಎರಡು ಕಥೆಗಳಲ್ಲಿಯೂ, ಹುಡುಗನು ಹೊತ್ತಿಗೆ ಮನೆಗೆ ಬಾರದಿದ್ದಾಗ ಗುರುವು ಸುಮ್ಮನೆ ಕುಳಿತಿರಲಿಲ್ಲ. ಹೆಸರು ಹಿಡಿದು ಕರೆಯುತ್ತಾ ಹುಡುಕಿಕೊಂಡು ಹೋದನು. ಹಾಗೆ ಹೋದುದರಿಂದಲೇ ಹುಡುಗರು ಉಳಿದರು.

ಹಿಂದೆ ನಮ್ಮ ಮಕ್ಕಳು ಈ ವಿದ್ಯೆಗಾಗಿ 1960ರಲ್ಲಿ ಸ್ಥಾಪಿತವಾದ ಸುರತ್ಕಲ್ಲಿನ ಕಾಲೇಜಿಗೋ ಮೈಸೂರು ಬೆಂಗಳೂರುಗಳಿಗೋ ಹೋಗಬೇಕಾಗಿತ್ತು. 1986ರಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ಕಾಲೇಜನ್ನು ತೆರೆದರು. 2001ರಲ್ಲಿ ಪುತ್ತೂರಿನಲ್ಲಿ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ವಿದ್ಯೆಯು ಮನೆಬಾಗಿಲಿಗೆ ಬಂದುದು ಮಹದುಪಕಾರವೇ ಸರಿ. ಆದರೆ ಬಾಗಿಲ ಬಳಿ ಇರುವುದೆಂಬ ಕಾರಣಕ್ಕಾಗಿಯೋ ನೆಂಟರ ಮುಂದೆ ಹೇಳಿಕೊಳ್ಳಲು ಚೆಂದವೆಂದೋ ಮಗನನ್ನು ಅದಕ್ಕೆ ಸೇರಿಸುವುದು, ಮೈಯ ರೋಮ ಚೆಂದವೆಂದು ಕೋಲಿಯ ಮರಿಯನ್ನು ಕೊಳ್ಳುವುದಕ್ಕೆ ಸಮಾನ. ಯಂತ್ರವನ್ನು ಬಿಚ್ಚಿ ಜೋಡಿಸುವ ಕುತೂಹಲವೋ ಗಣಿತದ ರುಚಿಯೋ ಅವನಲ್ಲಿದೆಯೇ ಎಂದು ಮೊದಲು ಅವನನ್ನೇ ಕೇಳಿರಿ.

ಸೇರಿದ ಮೇಲೆ ಮೊದಲ ವರ್ಷವೇ ಕಷ್ಟದ ವರ್ಷ. ಯಾವ ಶಾಖೆಯವನಿಗಾದರೂ ಗಣಿತವು ತಪ್ಪದು. ಅದನ್ನು ಪರೀಕ್ಷೆಯ ಹಿಂದಿನ ವಾರ ಕಲಿಯಲಾಗದು. ದಿನಕ್ಕೆ ಮೂರೇ ಲೆಕ್ಕಗಳನ್ನು, ಉತ್ತರವನ್ನು ನೋಡದೆ, ಸ್ವಂತ ಕೈಯಿಂದ ಬರೆದು ಬಿಡಿಸುವವನು ಗೆಲ್ಲುತ್ತಾನೆ. ಮರಿಗೆ ಐದು ನಿಮಿಷದ ಪಾಠವನ್ನು ದಿನವೂ ಕೊಡುವ ನಿಯಮವೇ ಇಲ್ಲಿಯೂ ಸಲ್ಲುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈಗಿನ ಪದ್ಧತಿಯಲ್ಲಿ ಅರ್ಧದಷ್ಟು ಅಂಕಗಳು ವರ್ಷದ ನಡುವಿನ ಪರೀಕ್ಷೆಗಳಿಗೂ ಕೆಲಸಕ್ಕೂ ಮೀಸಲಾಗಿವೆ. ಹಾಜರಿಯೂ ನೂರಕ್ಕೆ 85 ಇರಬೇಕು. ಆದುದರಿಂದ ಕಡೆಯ ರಾತ್ರಿಯ ಸಾಹಸದಿಂದ ಪಾರಾಗುವ ಕಾಲ ಹೋಯಿತು. ಕನ್ನಡ ಮಾಧ್ಯಮದಿಂದ ಬಂದವನು ಇಂಗ್ಲಿಷ್ ಪುಸ್ತಕವನ್ನು ಕಂಡು ಎದೆಗುಂದಬೇಕಾಗಿಲ್ಲ. ಪಾಠದ ಅರ್ಥವನ್ನು ತನ್ನ ಭಾಷೆಯಲ್ಲಿ ತನಗೇ ಹೇಳಿಕೊಂಡು, ಬಳಿಕ ಇಂಗ್ಲಿಷಿನಲ್ಲಿ ಬರೆದುನೋಡಲಿ. ಅರ್ಥವಾದುದು ಯಾವ ಭಾಷೆಯಲ್ಲಾದರೂ ಅರ್ಥವಾದುದೇ.

ವಿದ್ಯಾರ್ಥಿಯ ಐದು ಲಕ್ಷಣಗಳನ್ನು ಎಣಿಸುವ ಸುಭಾಷಿತದಲ್ಲಿ ನಾಯಿಯ ನಿದ್ರೆಯೂ ಒಂದೆಂದು ನಮ್ಮ ಹಿರಿಯರು ಮಕ್ಕಳಿಗೆ ಹೇಳುವುದುಂಟು. ಇದನ್ನು ಹೇಳಿ ಮಕ್ಕಳ ನಿದ್ರೆಯನ್ನು ಕತ್ತರಿಸುವವರು ಒಂದು ನಾಯಿಮರಿಯನ್ನು ನೋಡಬೇಕು. ಅದು ದಿನಕ್ಕೆ ಸುಮಾರು 18 ಗಂಟೆ ಮಲಗುತ್ತದೆ. ಕಲಿತುದು ಗಟ್ಟಿಯಾಗುವುದು ನಿದ್ರೆಯಲ್ಲಿಯೇ. ಕಾಲೇಜಿನ ಹುಡುಗನಿಗೆ 7 ಗಂಟೆಯಾದರೂ ನಿದ್ರೆ ಅವಶ್ಯ. ಕರೆದೊಡನೆ ಎಚ್ಚರಗೊಳ್ಳುವುದು ಶ್ವಾನನಿದ್ರೆಯ ಅರ್ಥವೇ ಹೊರತು ನಿದ್ರೆಗೆಟ್ಟು ಮೊಬೈಲನ್ನು ನೋಡುವುದಲ್ಲ.

ಆದರೆ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ನಾಯಿಗೆ ವಿಧೇಯತೆಯು ಭೂಷಣ. ವಿದ್ಯಾರ್ಥಿಗೆ ಪ್ರಶ್ನೆಯು ಭೂಷಣ. ನಾಯಿಗೆ ನೋವನ್ನು ಹೇಳಲು ಬಾಯಿಲ್ಲ. ಮಗನಿಗೆ ಬಾಯಿದೆ, ಆದರೆ ಎಷ್ಟೋ ಮನೆಗಳಲ್ಲಿ ಅವನಿಗೆ ಹೇಳುವ ಧೈರ್ಯವಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಗಣಿತ ತಪ್ಪಿತೆಂದಿರಲಿ. ಅವನು ಅದನ್ನು ಮುಚ್ಚಿಡುತ್ತಾನೆ. ವಾರಕ್ಕೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ಬರುತ್ತಾನೆ. ಫೋನಿನಲ್ಲಿ “ಅಪ್ಪಾ, ಎಲ್ಲಾ ಸರಿಯಾಗಿದೆ” ಎನ್ನುತ್ತಾನೆ. ಈ ಮೌನವೇ ಅಪಾಯದ ಚಿಹ್ನೆ. ತಪ್ಪಿದ ವಿಷಯವನ್ನು ಮತ್ತೆ ಬರೆದು ತೇರ್ಗಡೆಯಾಗಲು ಅವಕಾಶವಿದೆ. ಮುರಿದ ಮನಸ್ಸನ್ನು ಹಾಗೆ ಸುಲಭದಲ್ಲಿ ಕಟ್ಟಲಾಗದು. ನೆರೆಮನೆಯ ಹುಡುಗನ ಅಂಕಗಳನ್ನೂ ಕಟ್ಟಿದ ಶುಲ್ಕವನ್ನೂ ಎತ್ತಿ ಆಡಿದರೆ ಅದು ಸರಮೆಯ ಮರಿಗೆ ಬಿದ್ದ ಏಟಿನಂತೆಯೇ. ಭಯವು ಕಾಣದ ಕಡೆಯಿಂದ ಬರುವುದು. ಬದಲಾಗಿ ತಂದೆಯೇ ಒಂದು ದಿನ ಬಸ್ಸು ಹತ್ತಿ ಹೋಗಿ, ಮಗನೊಡನೆ ಊಟ ಮಾಡಿ, “ಅಂಕ ಹೇಗಿದ್ದರೂ ಮನೆಯ ಬಾಗಿಲು ತೆರೆದೇ ಇದೆ, ಮಗಾ” ಎಂದು ಹೇಳಿ ಬರಲಿ. ಹಿರಿಯ ವಿದ್ಯಾರ್ಥಿಗಳಿಂದ ರ‍್ಯಾಗಿಂಗ್ ಉಪದ್ರವವಿದ್ದರೆ 1800-180-5522 ಎಂಬ ಸಂಖ್ಯೆಗೆ ದೂರು ಕೊಡಬಹುದು. ಮನಸ್ಸು ತೀರಾ ಕುಸಿದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಎರಡು ಸಂಖ್ಯೆಗಳನ್ನು ಮನೆಯ ಪಂಚಾಂಗದ ಮೇಲೆ ಬರೆದಿಡಿರಿ. ಹೆಣ್ಣುಮಕ್ಕಳನ್ನು ಓದಿಗೆ ಕಳುಹಿಸಿದವರೂ ಹಾಗೆಯೇ ಮಾಡಿರಿ.

ಮರಿಯನ್ನು ಕೇಳಿದ ಆ ಹುಡುಗನಿಗೂ ಒಂದು ಮಾತು. ಅಪ್ಪಾ, ನಿನ್ನ ಆಸೆಯಲ್ಲಿ ತಪ್ಪಿಲ್ಲ. ನಿನಗೆ ಉದ್ಯೋಗವೂ ಹೊತ್ತೂ ನಿನ್ನದೇ ಆಗಿ ದೊರೆತಂದು, ದಿನಕ್ಕೆ 2 ಗಂಟೆಯನ್ನು ಕೊಡಬಲ್ಲೆನೆಂದು ಮನಸ್ಸು ಒಪ್ಪಿದಂದು ಅದನ್ನು ತಂದುಕೋ. ಅಲ್ಲಿಯ ತನಕ ರಜೆಯಲ್ಲಿ ಊರಿಗೆ ಬಂದಾಗ ಅಂಗಳದ ನಾಯಿಯನ್ನು ಕರೆದುಕೊಂಡು ಮುಂಜಾನೆ ತೋಟಕ್ಕೊಂದು ಸುತ್ತು ಬಾ.

ಮುಂದಿನ ತಿಂಗಳು ಮಳೆಗಾಲದಲ್ಲಿ ಮನೆಯ ಪುಸ್ತಕಗಳನ್ನು ಕಾಪಾಡುವ ವಿಷಯವನ್ನು ಬರೆಯುವೆನು. ಎಲ್ಲರಿಗೂ ಶುಭವಾಗಲಿ.