ಬಿಸಾಡುವ ಸೆಲ್ಲು, ಮತ್ತೆ ತುಂಬುವ ಸೆಲ್ಲು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ಇತಿಹಾಸವನ್ನೋ ಗಡಿನಾಡಿನ ಕನ್ನಡದ ಅಳಿವು ಉಳಿವನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಆರಿಸಿಕೊಂಡಿರುವುದು ಬೆರಳುದ್ದದ ಒಂದು ವಸ್ತುವನ್ನು. ಟಾರ್ಚು, ರೇಡಿಯೋ, ಗೋಡೆ ಗಡಿಯಾರ, ಟಿ.ವಿ. ರಿಮೋಟು, ಮಕ್ಕಳ ಆಟಿಕೆ, ರಕ್ತದೊತ್ತಡ ನೋಡುವ ಯಂತ್ರ ಮುಂತಾದವುಗಳ ಹೊಟ್ಟೆಯೊಳಗೆ ಕುಳಿತು ಅವುಗಳನ್ನು ನಡೆಸುವ ಸೆಲ್ಲೇ ಅದು. ಪದೇ ಪದೇ ಬಳಸುವ ಉಪಕರಣಗಳಿಗೆ ಒಮ್ಮೆ ಬಳಸಿ ಎಸೆಯುವ ಸೆಲ್ಲನ್ನು ಬಿಟ್ಟು, ಮತ್ತೆ ಮತ್ತೆ ವಿದ್ಯುತ್ತು ತುಂಬಬಹುದಾದ ರೀಚಾರ್ಜಬಲ್ ಸೆಲ್ಲನ್ನು ನಮ್ಮ ಮನೆಗಳೂ ನಮ್ಮ ಶಾಲೆಯೂ ರೂಢಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ ಅದರ ಮಿತಿಗಳನ್ನೂ ಇಲ್ಲಿ ನಿವೇದಿಸುತ್ತೇನೆ.

ಗಡಿನಾಡಿನವರಾದ ನಮಗೂ ಈ ಸೆಲ್ಲಿಗೂ ಒಂದು ಋಣಾನುಬಂಧವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ವಿದ್ಯುತ್ ತಂತಿ ಇನ್ನೂ ತಲಪದಿದ್ದ ಒಳನಾಡಿನ ಮನೆಗಳಿಗೆ ಕನ್ನಡದ ವಾರ್ತೆಯನ್ನೂ ಹಾಡನ್ನೂ ಹೊತ್ತು ತಂದದ್ದು ಟ್ರಾನ್ಸಿಸ್ಟರ್ ರೇಡಿಯೋ. 1976ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಬಳಿಕವಂತೂ ಯಕ್ಷಗಾನವೂ ಅಡಿಕೆಯ ಧಾರಣೆಯೂ ಜಗಲಿಯಲ್ಲೇ ಕೇಳಿಸುವಂತಾಯಿತು. ಆ ರೇಡಿಯೋದ ಉಸಿರು ಸೆಲ್ಲು. ಸೆಲ್ಲು ಸೋತು ಧ್ವನಿ ಕ್ಷೀಣಿಸಿದಾಗ ಹಿರಿಯರು ಅದನ್ನು ಹೊರತೆಗೆದು ಅಂಗಳದ ಬಿಸಿಲಿಗಿಟ್ಟು ಇನ್ನೆರಡು ದಿನ ಓಡಿಸುತ್ತಿದ್ದರು. ಸತ್ತ ಸೆಲ್ಲಿನ ಕರಿಯ ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಕರಿಹಲಗೆಗೆ ಬಳಿಯುವ ಪದ್ಧತಿಯೂ ಹಳ್ಳಿ ಶಾಲೆಗಳಲ್ಲಿತ್ತು. ಬಿಸಿಲಿಗಿಟ್ಟ ಮಾತ್ರಕ್ಕೆ ಸೆಲ್ಲಿನಲ್ಲಿ ಹೊಸ ವಿದ್ಯುತ್ತು ತುಂಬುವುದಿಲ್ಲ. ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗಿ ಅಳಿದುಳಿದ ಶಕ್ತಿ ಹೊರಬರುತ್ತದೆ, ಅಷ್ಟೆ. ಆದರೆ ಮುಗಿದುದನ್ನು ಇನ್ನೊಮ್ಮೆ ಬಳಸಬೇಕೆಂಬ ಅವರ ಹಂಬಲ ವಿವೇಕದ್ದಾಗಿತ್ತು. ಅವರು ಬಯಸಿದ್ದು ಇಂದು ಪೇಟೆಯಲ್ಲಿ ದೊರೆಯುತ್ತಿದೆ.

ಎರಡು ಬಗೆಯ ಸೆಲ್ಲುಗಳ ವ್ಯತ್ಯಾಸವನ್ನು ಸಂಕ್ಷೇಪವಾಗಿ ತಿಳಿದುಕೊಳ್ಳೋಣ. ನಾವು ಅಂಗಡಿಯಿಂದ ತರುವ ಸಾಮಾನ್ಯ ಸೆಲ್ಲಿನ ಮೂಲ, ಫ್ರಾನ್ಸಿನ ಇಂಜಿನಿಯರ್ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಸೆಲ್ಲಿನಲ್ಲಿದೆ. ಹೊರಗಿನ ಸತುವಿನ ಡಬ್ಬಿಯೇ ಅದರ ಋಣಧ್ರುವ. ನಡುವಿನ ಇಂಗಾಲದ ಕಡ್ಡಿ ಧನಧ್ರುವ. ಇವೆರಡರ ಮಧ್ಯೆ ಮ್ಯಾಂಗನೀಸ್ ಡೈಆಕ್ಸೈಡಿನ ಕರಿಯ ಪುಡಿಯೂ ಲವಣದ ಪಾಕವೂ ಇರುತ್ತವೆ. ವಿದ್ಯುತ್ತು ಹರಿದಂತೆಲ್ಲ ಸತುವು ಕರಗುತ್ತದೆ. ಮರೆತುಬಿಟ್ಟ ಸೆಲ್ಲು ಟಾರ್ಚಿನೊಳಗೆ ಒಸರಿ ಸ್ಪ್ರಿಂಗನ್ನು ತಿಂದುಹಾಕುವುದು ಈ ಕಾರಣದಿಂದಲೇ. ರೀಚಾರ್ಜಬಲ್ ಸೆಲ್ಲಿನಲ್ಲಾದರೋ ಈ ಕ್ರಿಯೆಯನ್ನು ಹಿಂದಕ್ಕೆ ತಿರುಗಿಸಬಹುದು. ಚಾರ್ಜರಿನಲ್ಲಿಟ್ಟು ವಿದ್ಯುತ್ತನ್ನು ಹಾಯಿಸಿದಾಗ ಒಳಗಿನ ವಸ್ತುಗಳು ಮೊದಲಿನ ಸ್ಥಿತಿಗೆ ಮರಳುತ್ತವೆ. ಟಾರ್ಚು, ರೇಡಿಯೋಗಳಿಗೆ ಇಂದು ದೊರೆಯುವ ಈ ಬಗೆಯ ಸೆಲ್ಲಿಗೆ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲೆಂದು ಹೆಸರು. ಸರಿಯಾಗಿ ನೋಡಿಕೊಂಡರೆ ಅದನ್ನು ನೂರಾರು ಸಲ ತುಂಬಬಹುದು.

ದುಬಾರಿಯೆಂಬುದೇ ಇದರ ಮೇಲಿನ ಮೊದಲ ಆಕ್ಷೇಪ. ಹಳೆಯ ಅಧ್ಯಾಪಕನಾದುದರಿಂದ ಇದಕ್ಕೆ ಒಂದು ಲೆಕ್ಕದ ಮೂಲಕವೇ ಉತ್ತರ ಕೊಡುತ್ತೇನೆ. ಒಂದು ಸಾಮಾನ್ಯ ಸೆಲ್ಲಿಗೆ 15 ರೂಪಾಯಿ ಎಂದಿಟ್ಟುಕೊಳ್ಳಿ. ದಿನವೂ ಬಳಸುವ ಒಂದು ರೇಡಿಯೋಗೆ ತಿಂಗಳಿಗೆ 2 ಸೆಲ್ಲು ಬೇಕಾದರೆ ವರ್ಷಕ್ಕೆ 24, ಐದು ವರ್ಷಕ್ಕೆ 120 ಸೆಲ್ಲು. ವೆಚ್ಚ 1800 ರೂಪಾಯಿ. ರೀಚಾರ್ಜಬಲ್ ಸೆಲ್ಲಿಗೆ 150 ರೂಪಾಯಿಯಂತೆ 4 ಸೆಲ್ಲಿಗೆ 600, ಒಳ್ಳೆಯ ಚಾರ್ಜರಿಗೆ 700 ಎಂದಿಟ್ಟರೆ ಒಟ್ಟು 1300 ರೂಪಾಯಿ. ಎರಡು ಸೆಲ್ಲು ರೇಡಿಯೋದಲ್ಲಿರುವಾಗ ಇನ್ನೆರಡು ತುಂಬಿಕೊಂಡು ಸಿದ್ಧವಾಗಿರುತ್ತವೆ. ಐದು ವರ್ಷಕ್ಕೆ ಉಳಿತಾಯ 500 ರೂಪಾಯಿ. ಅದೇ ಚಾರ್ಜರು ಟಾರ್ಚಿಗೂ ಆಟಿಕೆಗೂ ಒದಗುವುದರಿಂದ ಎರಡನೆಯ ಉಪಕರಣದಿಂದ ಮುಂದೆ ಉಳಿತಾಯ ಹೆಚ್ಚುತ್ತಲೇ ಹೋಗುತ್ತದೆ. ನಿಮ್ಮೂರ ಅಂಗಡಿಯ ಬೆಲೆಗಳನ್ನು ಹಾಕಿ ಇದೇ ಲೆಕ್ಕವನ್ನು ನೀವೂ ಮಾಡಿ ನೋಡಬಹುದು.

ತುಂಬುವುದಕ್ಕೆ ತಗಲುವ ವಿದ್ಯುತ್ತಿನ ವೆಚ್ಚವೆಷ್ಟು? 2000 ಮಿಲಿ ಆಂಪಿಯರ್ ಗಂಟೆಯ ಒಂದು ಸೆಲ್ಲು 1.2 ವೋಲ್ಟಿನಲ್ಲಿ 2.4 ವಾಟ್ ಗಂಟೆಯಷ್ಟು ಶಕ್ತಿಯನ್ನು ಹಿಡಿಯುತ್ತದೆ. ಚಾರ್ಜರಿನಲ್ಲಿ ನಷ್ಟವಾಗುವುದನ್ನೂ ಸೇರಿಸಿ 5 ವಾಟ್ ಗಂಟೆ ಎಂದು ಧಾರಾಳವಾಗಿ ಹಿಡಿದರೂ, ಒಂದು ಯೂನಿಟ್ ವಿದ್ಯುತ್ತಿನಿಂದ 200 ಸೆಲ್ಲುಗಳನ್ನು ತುಂಬಬಹುದು. ಒಂದು ಸೆಲ್ಲಿಗೆ ಕೆಲವೇ ಪೈಸೆ. ಇನ್ನು ಎಸೆಯುವ ಸೆಲ್ಲಿನ ಲೆಕ್ಕವನ್ನು ನೋಡಿ. ಈ ಗಾತ್ರದ ಸಾಮಾನ್ಯ ಸೆಲ್ಲು ಕೊಡುವುದು ಹೆಚ್ಚೆಂದರೆ ಒಂದೂವರೆ ವಾಟ್ ಗಂಟೆ. ಒಂದು ಯೂನಿಟ್ ವಿದ್ಯುತ್ತನ್ನು ಅದರಿಂದ ಪಡೆಯಬೇಕಾದರೆ 660ಕ್ಕೂ ಹೆಚ್ಚು ಸೆಲ್ಲುಗಳು ಬೇಕು. 15 ರೂಪಾಯಿಯಂತೆ ಬೆಲೆ ಸುಮಾರು ಹತ್ತು ಸಾವಿರ ರೂಪಾಯಿ! ವಿದ್ಯುತ್ ಬಿಲ್ಲು ಯೂನಿಟ್ಟಿಗೆ ಒಂದು ರೂಪಾಯಿ ಏರಿದರೆ ನಾವು ಗೊಣಗುತ್ತೇವೆ. ಅದೇ ಯೂನಿಟ್ಟಿಗೆ ಸೆಲ್ಲಿನ ರೂಪದಲ್ಲಿ ಸಾವಿರಗಟ್ಟಲೆ ತೆರುವಾಗ, ಹತ್ತು ಹದಿನೈದು ರೂಪಾಯಿಯ ಬಿಡಿ ಖರ್ಚಾದುದರಿಂದ, ಅದು ನಮ್ಮ ಗಮನಕ್ಕೇ ಬರುವುದಿಲ್ಲ.

ಎರಡನೆಯ ಆಕ್ಷೇಪ ಶಕ್ತಿಯ ಕುರಿತಾದುದು. ಸಾಮಾನ್ಯ ಸೆಲ್ಲಿನದು 1.5 ವೋಲ್ಟು, ಇದರದು 1.2 ವೋಲ್ಟು, ಆದುದರಿಂದ ಇದು ದುರ್ಬಲವೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಸಾಮಾನ್ಯ ಸೆಲ್ಲು ಬಳಸಿದಂತೆಲ್ಲ 1.5ರಿಂದ ಇಳಿಯುತ್ತಾ ಹೋಗುತ್ತದೆ. ರೀಚಾರ್ಜಬಲ್ ಸೆಲ್ಲು ಬಹುಕಾಲ 1.2ರ ಆಸುಪಾಸಿನಲ್ಲಿಯೇ ನಿಂತು ಕೊನೆಯಲ್ಲಿ ಇಳಿಯುತ್ತದೆ. ಹೆಚ್ಚಿನ ಉಪಕರಣಗಳಿಗೆ ಇದು ಸಾಕು. ಮೂರನೆಯ ಆಕ್ಷೇಪ, ಸುಮ್ಮನಿಟ್ಟರೂ ತಾನಾಗಿ ಖಾಲಿಯಾಗುತ್ತದೆ ಎಂಬುದು. ಹಿಂದೆ ಇದು ನಿಜವಾಗಿತ್ತು. 2005ರಲ್ಲಿ ಜಪಾನಿನ ಸಾನ್ಯೋ ಸಂಸ್ಥೆ ತಂದ ಹೊಸ ಬಗೆಯ ಸೆಲ್ಲುಗಳು ತುಂಬಿಟ್ಟು ಒಂದು ವರ್ಷ ಕಳೆದರೂ ತಮ್ಮ ವಿದ್ಯುತ್ತಿನ ಬಹುಪಾಲನ್ನು ಉಳಿಸಿಕೊಂಡವು. ಈಗ ಬೇರೆ ಸಂಸ್ಥೆಗಳೂ ಅಂಥವನ್ನು ಮಾರುತ್ತಿವೆ. ಕೊಳ್ಳುವಾಗ ಆ ಗುಣವನ್ನು ಕೇಳಿ ಕೊಳ್ಳಬೇಕು.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹಿಂದಿನ ಕಾಲದ ರೀಚಾರ್ಜಬಲ್ ಸೆಲ್ಲುಗಳು ನಿಕಲ್ ಮತ್ತು ಕ್ಯಾಡ್ಮಿಯಮ್‌ನಿಂದ ಮಾಡಿದವು. ಕ್ಯಾಡ್ಮಿಯಮ್ ವಿಷ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯಿಂದ ಹರಿದ ಕ್ಯಾಡ್ಮಿಯಮ್ ಗದ್ದೆಗೂ ಅನ್ನಕ್ಕೂ ಸೇರಿ ಜನರ ಮೂಳೆಗಳನ್ನೇ ಪುಡಿಗಟ್ಟಿದ ಕಥೆ ಪ್ರಸಿದ್ಧವಾಗಿದೆ. 1968ರಲ್ಲಿ ಅಲ್ಲಿಯ ಸರಕಾರವೇ ಅದನ್ನು ಮಾಲಿನ್ಯದಿಂದಾದ ರೋಗವೆಂದು ಒಪ್ಪಿಕೊಂಡಿತು. ಇಂದಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನಲ್ಲಿ ಕ್ಯಾಡ್ಮಿಯಮ್ ಇಲ್ಲ. ಆದರೂ ಹಳೆಯ ಆಟಿಕೆಗಳಲ್ಲಿ, ತಂತಿಯಿಲ್ಲದ ಹಳೆಯ ಟೆಲಿಫೋನುಗಳಲ್ಲಿ ಅದು ಅಡಗಿ ಕುಳಿತಿರಬಹುದಾದುದರಿಂದ ಅವುಗಳನ್ನು ಒಡೆಯಲೂಬಾರದು, ಸುಡಲೂಬಾರದು.

ಎಲ್ಲ ಕಡೆಗೂ ರೀಚಾರ್ಜಬಲ್ ಸೆಲ್ಲೇ ಬೇಕೆಂದು ನಾನು ವಾದಿಸುವುದಿಲ್ಲ. ಗೋಡೆ ಗಡಿಯಾರಕ್ಕೆ ಹಾಕಿದ ಒಂದು ಸಾಮಾನ್ಯ ಸೆಲ್ಲು ವರ್ಷಕಾಲ ನಡೆಯುತ್ತದೆ. ವರ್ಷಕ್ಕೆ 15 ರೂಪಾಯಿಯ ಕೆಲಸಕ್ಕೆ 150 ರೂಪಾಯಿಯ ಸೆಲ್ಲನ್ನು ಹಾಕಿದರೆ ಬಂಡವಾಳ ಮರಳಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಸೆಲ್ಲಿಗೇ ಮುಪ್ಪು ಬಂದಿರುತ್ತದೆ. ರಕ್ತದೊತ್ತಡದ ಯಂತ್ರಕ್ಕೆ ಅದರೊಂದಿಗಿನ ಕೈಪಿಡಿ ಹೇಳುವ ಸೆಲ್ಲನ್ನೇ ಹಾಕುವುದು ಕ್ಷೇಮ. ಯಾವುದರಲ್ಲಿ ಸೆಲ್ಲು ಎರಡು ಮೂರು ತಿಂಗಳೊಳಗೆ ಮುಗಿಯುತ್ತದೆಯೋ ಅಲ್ಲಿ ತುಂಬುವ ಸೆಲ್ಲು ಯೋಗ್ಯ. ಎಲ್ಲಿ ವರ್ಷ ಮೀರಿ ಬಾಳುತ್ತದೆಯೋ ಅಲ್ಲಿ ಸಾಮಾನ್ಯ ಸೆಲ್ಲೇ ಇರಲಿ. ಹಾಗೆಯೇ ಚಾರ್ಜಾಗುವುದೆಲ್ಲ ಒಳ್ಳೆಯದೂ ಅಲ್ಲ. ಬ್ಯಾಟರಿಯನ್ನು ಒಳಗೇ ಸೇರಿಸಿ ಮುಚ್ಚಿಬಿಟ್ಟ ಅಗ್ಗದ ಟಾರ್ಚುಗಳು ಪೇಟೆಯಲ್ಲಿ ರಾಶಿಬಿದ್ದಿವೆ. ಬ್ಯಾಟರಿ ಸತ್ತೊಡನೆ ಟಾರ್ಚಿಗೆ ಟಾರ್ಚೇ ಕಸವಾಗುತ್ತದೆ. ಸೆಲ್ಲನ್ನು ಹೊರತೆಗೆದು ಬದಲಿಸಬಹುದಾದ ಉಪಕರಣವನ್ನೇ ಆರಿಸಿಕೊಳ್ಳುವುದು ಜಾಣತನ.

ಹಣದ ಮಾತಿಗಿಂತ ದೊಡ್ಡದು ಮಣ್ಣಿನ ಮಾತು. ಮೇಲೆ ಲೆಕ್ಕ ಹಾಕಿದ 120 ಸೆಲ್ಲುಗಳು ಎಲ್ಲಿಗೆ ಹೋಗುತ್ತವೆ? ತೆಂಗಿನ ಬುಡಕ್ಕೆ, ತೋಡಿನ ಬದಿಗೆ, ಸುಡುಮಣ್ಣಿಗೆಂದು ಒಟ್ಟಿದ ತರಗೆಲೆಯ ರಾಶಿಗೆ. ಒಂದು ಸೆಲ್ಲಿನಿಂದ ಊರು ಹಾಳಾಗುತ್ತದೆಂದು ನಾನು ಹೆದರಿಸುವುದಿಲ್ಲ. ಸತುವು ಅಲ್ಪ ಪ್ರಮಾಣದಲ್ಲಿ ಬೆಳೆಗೂ ಬೇಕಾದ ವಸ್ತು. ಸೆಲ್ಲುಗಳಲ್ಲಿ ಹಿಂದೆ ಬೆರೆಸುತ್ತಿದ್ದ ಪಾದರಸವೂ ಈಗ ಬಹಳ ಕಡಿಮೆಯಾಗಿದೆ. ಆದರೆ ಹನಿಗೂಡಿದರೆ ಹಳ್ಳವೆಂಬುದು ಕೇಡಿಗೂ ಸಲ್ಲುವ ಮಾತು. ನಮ್ಮ ಕಡೆಯ ಮುರಕಲ್ಲಿನ ಗುಡ್ಡಗಳು ಮಳೆನೀರನ್ನು ಹೀರಿ, ನಮ್ಮ ಹಿರಿಯರು ಗುದ್ದಲಿ ಹಿಡಿದು ಅಡ್ಡಕ್ಕೆ ಕೊರೆದ ಸುರಂಗಗಳ ಮೂಲಕ ಅದನ್ನು ಮನೆಯ ಕೆರೆಗೆ ಇಳಿಸುತ್ತವೆ. ಗುಡ್ಡದಲ್ಲಿ ಇಟ್ಟದ್ದು ಕೊಡಪಾನಕ್ಕೆ ಬಾರದೆಂದು ಹೇಳುವ ಧೈರ್ಯ ಯಾರಿಗಿದೆ? 1970ರ ದಶಕದಿಂದ 2000ದ ವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ನಾಡು ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯುವಷ್ಟರಲ್ಲಿ ಎಣ್ಮಕಜೆಯಂಥ ಗ್ರಾಮಗಳ ಎಷ್ಟೋ ಮನೆಗಳು ದುಃಖವನ್ನು ಉಂಡಾಗಿತ್ತು. ಸೆಲ್ಲು ಎಂಡೋಸಲ್ಫಾನಿಗೆ ಸಮವಲ್ಲ. ಆದರೆ ಮಣ್ಣಿಗೆ ಏನನ್ನು ಹಾಕುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಬೇರೆ ಊರಿನವರು ತಡವಾಗಿ ಕೇಳಿದರೂ ನಡೆದೀತು. ನಾವು ಮೊದಲು ಕೇಳಬೇಕಾದವರು.

ಕಾನೂನು ಕೂಡ ಈಗ ನಮ್ಮ ಪರವಾಗಿದೆ. 2001ರ ಬ್ಯಾಟರಿ ನಿಯಮಗಳು ವಾಹನಾದಿಗಳ ಸೀಸದ ಬ್ಯಾಟರಿಗೆ ಮಾತ್ರ ಅನ್ವಯಿಸುತ್ತಿದ್ದವು. ಕೇಂದ್ರ ಸರಕಾರ 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಸೆಲ್ಲನ್ನೂ ಒಳಗೊಂಡಿವೆ. ಬಳಸಿ ಮುಗಿದುದನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆ ತಯಾರಕರದು. ಇತರ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವ ಹೊಣೆ ಬಳಸುವವರದು. ಸೆಲ್ಲಿನ ಮೇಲೆ ಕಾಣುವ, ಅಡ್ಡಗೆರೆ ಎಳೆದ ಕಸದ ಡಬ್ಬಿಯ ಚಿತ್ರಕ್ಕೆ ಇದೇ ಅರ್ಥ. ರೀಚಾರ್ಜಬಲ್ ಸೆಲ್ಲಿಗೂ ಒಂದು ದಿನ ಆಯುಷ್ಯ ಮುಗಿಯುತ್ತದೆ. ಅದನ್ನೂ ಹೀಗೆಯೇ ಒಪ್ಪಿಸಬೇಕು. ನಮ್ಮ ಪಂಚಾಯತುಗಳಲ್ಲಿ ಹರಿತ ಕರ್ಮ ಸೇನೆಯ ಸಹೋದರಿಯರು ಮನೆಬಾಗಿಲಿಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ಸೆಲ್ಲುಗಳನ್ನು ಯಾವಾಗ, ಹೇಗೆ ಕೊಡಬೇಕೆಂದು ಅವರಲ್ಲಿಯೇ ವಿಚಾರಿಸಬಹುದು.

ಮನೆಯ ಹಿರಿಯರಿಗೆ ಕೆಲವು ಎಚ್ಚರಿಕೆಯ ಮಾತು. ಸಾಮಾನ್ಯ ಸೆಲ್ಲನ್ನು ಚಾರ್ಜರಿಗೆ ಹಾಕಬಾರದು. ಅದು ಒಸರೀತು, ಸಿಡಿದೀತು. ಹಳೆಯ ಮತ್ತು ಹೊಸ ಸೆಲ್ಲುಗಳನ್ನು ಬೆರೆಸಿ ಹಾಕಬಾರದು. ಅದೇ ಗಾತ್ರದಲ್ಲಿ 3.7 ವೋಲ್ಟಿನ ಲಿಥಿಯಮ್ ಸೆಲ್ಲುಗಳೂ ಬರುತ್ತವೆ. ಅವನ್ನು ಸಾಮಾನ್ಯ ಸೆಲ್ಲಿನ ಜಾಗಕ್ಕೆ ಹಾಕಿದರೆ ಉಪಕರಣ ಸುಟ್ಟುಹೋದೀತು. ಎಲ್ಲಕ್ಕಿಂತ ಮುಖ್ಯವಾಗಿ, ನಾಣ್ಯದಂತಿರುವ ಗುಂಡಿ ಸೆಲ್ಲು ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲುದು. ಹಾಗಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕೊನೆಯದಾಗಿ, ಮಹೋತ್ಸವ ಸಮಿತಿಯವರ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಒಂದು: ವಾರ್ಷಿಕೋತ್ಸವದ ತಂತಿಯಿಲ್ಲದ ಮೈಕು, ವಿಜ್ಞಾನ ಪಾಠದ ಬಲ್ಬು ಮತ್ತು ಮೋಟಾರು ಇವುಗಳಿಗೆಲ್ಲ ಒದಗುವಂತೆ ಒಂದು ಒಳ್ಳೆಯ ಚಾರ್ಜರನ್ನೂ ಒಂದು ಡಜನು ರೀಚಾರ್ಜಬಲ್ ಸೆಲ್ಲುಗಳನ್ನೂ ಶಾಲೆಗೆ ಕೊಡಿಸಬೇಕು. ಶಾಲು ಸ್ಮರಣಿಕೆಗಳ ಖರ್ಚಿನ ಒಂದು ಚಿಕ್ಕ ಪಾಲು ಇದಕ್ಕೆ ಸಾಕು. ಎರಡು: ಶಾಲೆಯ ಜಗಲಿಯಲ್ಲಿ, ಮಳೆನೀರು ಸಿಡಿಯದ ಕಡೆ, ಮುಚ್ಚಳವಿರುವ ಒಂದು ಡಬ್ಬವನ್ನಿಟ್ಟು ಊರಿನ ಸತ್ತ ಸೆಲ್ಲುಗಳನ್ನು ಸಂಗ್ರಹಿಸಬೇಕು. ಸೆಲ್ಲಿನ ತುದಿಗಳಿಗೆ ಟೇಪು ಅಂಟಿಸಿರಬೇಕು. ಮೊಬೈಲಿನ ಬ್ಯಾಟರಿಗಳನ್ನು ಮಾತ್ರ ಅದಕ್ಕೆ ಹಾಕದೆ ಬೇರೆಯೇ ಇಡಬೇಕು, ಏಕೆಂದರೆ ಅವು ಬೆಂಕಿ ಹತ್ತಬಲ್ಲವು. ಮೂರು: ಮೇಲ್ತರಗತಿಯ ಮಕ್ಕಳು ತಂತಮ್ಮ ಮನೆಗೆ ವರ್ಷಕ್ಕೆ ಬೇಕಾಗುವ ಸೆಲ್ಲುಗಳನ್ನು ಎಣಿಸಿ, ನಾನು ಮಾಡಿದ ಲೆಕ್ಕವನ್ನು ತಾವೇ ಕನ್ನಡದಲ್ಲಿ ಮಾಡಿ ಗೋಡೆ ಪತ್ರಿಕೆಗೆ ಹಾಕಬೇಕು. ಗುಣಾಕಾರ ಭಾಗಾಕಾರಗಳಿಗೆ ಇದಕ್ಕಿಂತ ಜೀವಂತವಾದ ಅಭ್ಯಾಸ ನನಗೆ ತಿಳಿಯದು. ತಾಯ್ನುಡಿಯಲ್ಲಿ ಕಲಿತ ವಿಜ್ಞಾನ ಮನೆಯ ಜಗಲಿಗೆ ತಲಪಿದರೆ ತಾನೆ ಕನ್ನಡ ಶಾಲೆ ಇದ್ದುದಕ್ಕೆ ಸಾರ್ಥಕ್ಯ?

ಮಂಗಳೂರು, ಬೆಂಗಳೂರುಗಳಲ್ಲಿಯೂ ಗಲ್ಫ್ ದೇಶಗಳಲ್ಲಿಯೂ ನೆಲಸಿರುವ ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ಪ್ರತ್ಯೇಕ ವಿನಂತಿ. ರಜೆಯಲ್ಲಿ ಊರಿಗೆ ಬರುವಾಗ ಮಕ್ಕಳಿಗೆ ಸೆಲ್ಲಿನ ಆಟಿಕೆ ತರುವಿರಾದರೆ, ಅದರ ಜೊತೆಗೆ ತುಂಬುವ ಸೆಲ್ಲನ್ನೂ ಚಾರ್ಜರನ್ನೂ ತನ್ನಿ. ಶಾಲೆಯ ಕಡೆಗೆ ಬರುವಾಗ ನಿಮ್ಮ ತಂದೆತಾಯಂದಿರ ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಸೆಲ್ಲುಗಳನ್ನು ಒಂದು ಡಬ್ಬದಲ್ಲಿ ಹಾಕಿಕೊಂಡು ಬನ್ನಿ. ಎಣಿಸಿ ಬರೆದಿಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.