ಕಾಫಿ ಹೊಟ್ಟು ಮತ್ತು ಅಣಬೆಯ ಎಳೆ

ಕಾಫಿ ಎಲೆಯನ್ನು ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಎಂ. ಸಿ. ಕುಕ್ ಎಂಬ ಆಂಗ್ಲ ವಿಜ್ಞಾನಿ ಇಟ್ಟ ಹೆಸರು 'ಪೆಲ್ಲಿಕ್ಯುಲೇರಿಯಾ ಕೊಳೆರೋಗ'. ನಮ್ಮ ಬೆಳೆಗಾರರ ಸಂಕಟದ ಮಾತೇ ಅವರ ಶಾಸ್ತ್ರಕ್ಕೆ ಸೇರಿಹೋಯಿತು. ಹುತ್ತದ ಮೇಲೇಳುವ ಅಣಬೆಯೊಂದನ್ನು ಬಿಟ್ಟರೆ ಮೂಡಿಗೆರೆ, ಕಳಸದ ತೋಟಗಳಲ್ಲಿ ಶಿಲೀಂಧ್ರವೆಂದರೆ ಇಂದಿಗೂ ಶತ್ರುವೇ.

ಅದೇ ಶಿಲೀಂಧ್ರ ಕುಲದಿಂದ ಈಗ ಪೆಟ್ಟಿಗೆ, ದೀಪದ ಮುಸುಕು, ಪೀಠಗಳನ್ನು ಬೆಳೆಸಲಾಗುತ್ತಿದೆ. 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಕೋವೇಟಿವ್ ಸಂಸ್ಥೆಯು ಕೃಷಿತ್ಯಾಜ್ಯದಲ್ಲಿ ಅಣಬೆಯ ಎಳೆಗಳನ್ನು ಹಬ್ಬಿಸಿ ಥರ್ಮೋಕೋಲಿಗೆ ಬದಲಿ ವಸ್ತುವನ್ನು ತಯಾರಿಸಿತು. ವಿಧಾನ ಸರಳ. ಹೊಟ್ಟನ್ನು ಆವಿಯಲ್ಲಿ ಬೇಯಿಸಿ, ಆರಿಸಿ, ಅಣಬೆ ಬೀಜ ಬೆರೆಸಿ ಅಚ್ಚಿಗೆ ತುಂಬಬೇಕು. ಕೆಲವೇ ದಿನಗಳಲ್ಲಿ ಬಿಳಿಯ ಎಳೆಗಳು ಹೊಟ್ಟನ್ನೆಲ್ಲ ಹೆಣೆದು ಗಟ್ಟಿಯಾಗಿಸುತ್ತವೆ. ಅಣಬೆ ಏಳುವ ಮೊದಲೇ ಬಿಸಿಯಲ್ಲಿ ಒಣಗಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಅಂಟು ಬೇಡ, ಮರ ಕಡಿಯಬೇಕಿಲ್ಲ.

ಹೊಟ್ಟಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಗೊಬ್ಬರವಾಗಿ ಮಣ್ಣಿಗೆ ಮರಳುವ ಸಿಪ್ಪೆಯನ್ನು ಕಸಿದು ಕುರ್ಚಿ ಮಾಡುವುದು ಪರಿಸರಸ್ನೇಹವಲ್ಲ. ಕ್ಯೂರಿಂಗ್ ಕಾರ್ಖಾನೆಯ ಬಾಯ್ಲರಿನಲ್ಲಿ ಉರಿಯುವ ಹೊಟ್ಟು ಸಾಕು. ಈ ವಸ್ತು ನೀರನ್ನೂ ಹೀರುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಅದರ ಮೇಲೆ ಬೂಷ್ಟು ಹಿಡಿಯದೆ ಇದ್ದೀತೆ? ಆದ್ದರಿಂದ ಕುರ್ಚಿಗಿಂತ ಮೊದಲು ಕಾಫಿಪುಡಿ, ಜೇನುಬಾಟಲಿ ಕಳುಹಿಸುವ ಪೆಟ್ಟಿಗೆಗಳನ್ನು ಪರೀಕ್ಷಿಸುವುದು ವಿವೇಕ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆ, ಮೂಡಿಗೆರೆಯ ತೋಟಗಾರಿಕೆ ಮಹಾವಿದ್ಯಾಲಯಗಳು ಇದಕ್ಕೆ ಮುಂದಾಗಬೇಕು.

ಬೀಜ ಯಾರದು ಎಂಬ ಪ್ರಶ್ನೆ ಇನ್ನೂ ದೊಡ್ಡದು. ಶೋಲಾ ಕಾಡಿನ ಅಣಬೆಗಳಿಗೆ ನಾಳೆ ಕಂಪನಿಗಳು ಬಂದಾವು. 2002ರ ಜೀವವೈವಿಧ್ಯ ಕಾಯಿದೆಯಂತೆ ವಿದೇಶಿ ಕಂಪನಿಗಳು ಪೂರ್ವಾನುಮತಿ ಪಡೆಯಲೇಬೇಕು. ಆದರೆ ಹೆಸರೇ ದಾಖಲಾಗದ ಅಣಬೆಯನ್ನು ನಮ್ಮದೆಂದು ಹೇಳುವುದು ಹೇಗೆ? ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮೂರಿನ ಎಷ್ಟು ಅಣಬೆಗಳಿವೆ ಎಂಬುದನ್ನು ವಿದ್ಯಾರ್ಥಿಗಳು ಈ ಮಳೆಗಾಲದೊಳಗೆ ಹೋಗಿ ನೋಡಿಬರಲಿ.