ಎರಡನೆಯ ಬಕೆಟ್ಟಿಗೆ ಸಾಲದ ಬಿಸಿನೀರು

ಪುಷ್ಯ ಮಾಸದ ಚಳಿ. ಜತ್ತ ತಾಲೂಕಿನ ಕನ್ನಡ ಮನೆಯೊಂದರಲ್ಲಿ ಬೆಳಗಿನ ಸ್ನಾನವೇ ದಿನದ ಮೊದಲ ತಕರಾರು. ಕಳೆದ ಚಳಿಗಾಲದಲ್ಲಿ ಒಮ್ಮೆ ಕಾದರೆ ಇಬ್ಬರಿಗೆ ನೀರು ಕೊಡುತ್ತಿದ್ದ 15 ಲೀಟರಿನ ಗೀಸರ್ ಈ ವರ್ಷ ಒಬ್ಬರಿಗೇ ಮುಗಿಯುತ್ತಿದೆ. ಆಯಿಯ ಸ್ನಾನವಾದ ಮೇಲೆ ಮಕ್ಕಳು ಕಾಯಬೇಕು. ಮಕ್ಕಳದಾದ ಮೇಲೆ ತಂದೆ ಕಾಯಬೇಕು. ಶಾಲೆಯ ಬಸ್ಸು ಯಾರಿಗಾಗಿಯೂ ಕಾಯುವುದಿಲ್ಲ. ಹೀಗಾಗಿ ಕೊನೆಯವಳಾದ ತಾಯಿಗೆ ನಿತ್ಯವೂ ತಣ್ಣೀರೇ ಗತಿ. "ನಮ್ಮ ಹಂಡ್ಯಾಗಿನ ನೀರು ಹಿಂಗ ಮುಗೀತಿರಲಿಲ್ಲ" ಎಂದು ಆಯಿ ಆಕ್ಷೇಪಿಸಿದರು. ಹೊಸ ಗೀಸರ್ ಕೊಳ್ಳುವ ಮಾತೂ ಬಂದಿತು.

ಖರ್ಚಿಗೆ ಕೈಹಾಕುವ ಮುನ್ನ ಲೆಕ್ಕ ಹಾಕಿದವಳು ಎಂಟನೆಯ ತರಗತಿಯ ಮಗಳು. ಗೀಸರಿನ ನೀರನ್ನು ಯಾರೂ ಹಾಗೆಯೇ ಮೈಗೆ ಸುರಿದುಕೊಳ್ಳುವುದಿಲ್ಲ. ತಣ್ಣೀರು ಬೆರೆಸಿ ಸುಮಾರು 40 ಡಿಗ್ರಿಗೆ ಇಳಿಸಿಕೊಳ್ಳುತ್ತಾರೆ. ತೊಟ್ಟಿಯ ತಣ್ಣೀರು 20 ಡಿಗ್ರಿ ಇದ್ದು, ಗೀಸರಿನದು 60 ಡಿಗ್ರಿ ಇದ್ದರೆ, 15 ಲೀಟರ್ ಬಿಸಿನೀರಿಗೆ 15 ಲೀಟರ್ ತಣ್ಣೀರು ಸೇರಿ 30 ಲೀಟರ್ ಆಗುತ್ತದೆ. ಎಂದರೆ ಎರಡು ಬಕೆಟ್. ಗೀಸರ್ 45 ಡಿಗ್ರಿಗೇ ನಿಂತರೆ ಬೆರೆಸಬಹುದಾದ ತಣ್ಣೀರು ನಾಲ್ಕು ಲೀಟರಿಗೂ ಕಡಿಮೆ. ದೊರೆಯುವುದು 19 ಲೀಟರಿನಷ್ಟು ಮಾತ್ರ. ಬೇಸಿಗೆಯಲ್ಲಿ ತೊಟ್ಟಿಯ ನೀರೇ 30 ಡಿಗ್ರಿ ಇರುವಾಗ 60 ಡಿಗ್ರಿಯ ಅದೇ ಗೀಸರ್ 45 ಲೀಟರ್ ಕೊಟ್ಟೀತು. ಚಳಿಗಾಲದಲ್ಲಿ ನೀರು ಬೇಗ ಮುಗಿಯುವುದಕ್ಕೆ ಅರ್ಧ ಕಾರಣ ಯಂತ್ರದ್ದಲ್ಲ, ಋತುವಿನದು.

ಈ ಮನೆಯಲ್ಲಿ ಉಳಿದ ಅರ್ಧ ಕಾರಣ ಗೀಸರಿನ ಅಡಿಯಲ್ಲಿದ್ದ ಗುಂಡಿಯಲ್ಲಿ ಸಿಕ್ಕಿತು. ವಿದ್ಯುತ್ ಬಿಲ್ ಇಳಿಯಲೆಂದು ತಂದೆ ಚೈತ್ರದಲ್ಲಿ ಅದನ್ನು ತಗ್ಗಿಸಿದ್ದರು. ಚಳಿಗಾಲ ಬಂದಾಗ ಮರೆತಿದ್ದರು. ಮನೆಯವರೆಲ್ಲರ ಹೆಸರಿನಲ್ಲಿ ನಡೆದ ಉಳಿತಾಯದ ಬೆಲೆಯನ್ನು ಒಬ್ಬಾಕೆ ತಣ್ಣೀರಿನಲ್ಲಿ ತೆತ್ತಿದ್ದಳು. ಗುಂಡಿಯನ್ನು ಮೊದಲಿನ ಗುರುತಿಗೆ ತಿರುಗಿಸಿದ ಮರುದಿನ ಒಂದು ಪೈಸೆ ಖರ್ಚಿಲ್ಲದೆ ಎರಡು ಬಕೆಟ್ ನೀರು ಬಂದಿತು.

ಗುಂಡಿ ಸರಿಯಿದ್ದೂ ನೀರು ಸಾಲದಿದ್ದರೆ ಬೇರೆ ಕಾರಣಗಳನ್ನು ಹುಡುಕಬೇಕು. ಅದಕ್ಕೆ ಅಳತೆಯ ಗೆರೆಗಳಿರುವ ಬಕೆಟ್ ಸಾಕು. ಗೀಸರಿನ ದೀಪ ತಾನಾಗಿ ಆರುವವರೆಗೆ ಕಾಯಿಸಿ, ಸ್ವಿಚ್ ಆರಿಸಿ, ಬಿಸಿನೀರಿನ ನಲ್ಲಿಯನ್ನು ಮಾತ್ರ ತೆರೆಯಬೇಕು. ನೀರು ಮೊದಲಿನಿಂದಲೂ ಉಗುರುಬೆಚ್ಚಗಿದ್ದರೆ ದೋಷ ಥರ್ಮೋಸ್ಟಾಟಿನದು, ಇಲ್ಲವೇ ಮಿಕ್ಸರ್ ನಲ್ಲಿಯದು. ಸವೆದ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರಿನ ಕೊಳವೆಗೆ ನುಸುಳುತ್ತದೆ. ಗೀಸರಿಗೆ ನೀರು ಹೋಗುವ ವಾಲ್ವ್ ಮುಚ್ಚಿ ಬಿಸಿನೀರಿನ ನಲ್ಲಿ ತೆರೆದಾಗ, ಕೊಂಚ ಹೊತ್ತಿನ ಬಳಿಕವೂ ಧಾರೆ ನಿಲ್ಲದಿದ್ದರೆ ತಪ್ಪಿತಸ್ಥ ಮಿಕ್ಸರೇ. ಈ ಪರೀಕ್ಷೆಯ ವೇಳೆ ಗೀಸರಿನ ಸ್ವಿಚ್ ಆರಿರಲೇಬೇಕು.

ಮೊದಲು ಸುಡುಬಿಸಿ ಬಂದು, ನಾಲ್ಕೈದು ಲೀಟರಿನಲ್ಲೇ ತಣ್ಣಗಾದರೆ ದೋಷ ಪಾತ್ರೆಯೊಳಗಿನದು. ಬಿಸಿನೀರು ಹಗುರವಾದ್ದರಿಂದ ಮೇಲೆ ನಿಲ್ಲುತ್ತದೆ. ತಣ್ಣೀರು ಕೆಳಗಿನಿಂದ ಒಳಬರುತ್ತದೆ. ಗೋಡೆಗೆ ನೇರವಾಗಿ ನಿಲ್ಲಿಸುವ ಗೀಸರುಗಳಲ್ಲಿ ಒಳಗಿನ ಉದ್ದ ಕೊಳವೆಯೊಂದು ಮೇಲ್ಭಾಗದ ಬಿಸಿನೀರನ್ನು ಹೊರಗೆ ತರುತ್ತದೆ. ಅದು ತುಕ್ಕು ಹಿಡಿದು ಮುರಿದರೆ ಕೆಳಗಿನ ತಣ್ಣೀರೂ ಜೊತೆಗೆ ಹೊರಬೀಳುತ್ತದೆ. ಕೊಳವೆಗಳನ್ನು ಅದಲುಬದಲು ಜೋಡಿಸಿದಾಗಲೂ ಹೀಗೆಯೇ. ನೀಲಿ ಗುರುತು ಒಳಬರುವ ನೀರಿಗೆ, ಕೆಂಪು ಗುರುತು ಹೊರಹೋಗುವ ನೀರಿಗೆ.

ಮತ್ತೆ ಕಾಯಲು ಎಷ್ಟು ಹೊತ್ತು ಬೇಕೆಂಬುದನ್ನೂ ಗಡಿಯಾರ ನೋಡಿ ಬರೆದಿಡಬೇಕು. 2 ಕಿಲೋವ್ಯಾಟಿನ ಗೀಸರ್ 15 ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು 21 ನಿಮಿಷದಷ್ಟು ಹೊತ್ತು ಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ, ಒಳಗಿನಿಂದ ಚಟಪಟ ಸದ್ದು ಬಂದರೆ, ಕೊಳವೆಬಾವಿಯ ಗಡಸು ನೀರಿನ ಬಗೆಗೆ ಯೋಚಿಸಬೇಕು. ಆ ನೀರಿನ ಸುಣ್ಣದ ಅಂಶ ಕಾದಾಗ ಬೇರ್ಪಟ್ಟು ಕಾಯಿಲಿನ ಮೇಲೆ ಹೊಪ್ಪಳಿಕೆಯಾಗಿ ಕೂರುತ್ತದೆ. ಅದರ ಚೂರುಗಳು ತಳದಲ್ಲಿ ಜಮೆಯಾಗಿ ನೀರಿನ ಜಾಗವನ್ನೂ ನುಂಗುತ್ತವೆ. ಚಹದ ಪಾತ್ರೆಯ ಒಳಗೋಡೆಯ ಬಿಳಿ ಪದರು ಇದರದೇ ತಮ್ಮ. ತಿಳಿದವರಿಂದ ಕಾಲಕಾಲಕ್ಕೆ ತೆಗೆಸಿ ತೊಳೆಸುವುದೇ ಪರಿಹಾರ. ಆಗಲೇ ಒಳಗಿನ ಮೆಗ್ನೀಷಿಯಂ ಕಡ್ಡಿಯನ್ನೂ ನೋಡಿಸಬೇಕು. ಪಾತ್ರೆಯ ಬದಲಿಗೆ ತಾನು ಸವೆಯುವುದೇ ಅದರ ಕೆಲಸ.

ಅಳೆಯುವ ಕೆಲಸ ಮನೆಯವರದು. ಮುಚ್ಚಳ ಬಿಚ್ಚುವ ಕೆಲಸ ಎಲೆಕ್ಟ್ರಿಶಿಯನ್ನರದು. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಆ ಕ್ಷಣವೇ ಗೀಸರಿನ ಬಳಕೆ ನಿಲ್ಲಿಸಿ ಅರ್ಥಿಂಗ್ ಪರೀಕ್ಷಿಸಬೇಕು. ಒತ್ತಡ ತಗ್ಗಿಸುವ ವಾಲ್ವಿನಿಂದ ಹನಿ ಬೀಳುತ್ತದೆಂದು ಅದನ್ನು ಎಂದೂ ಮುಚ್ಚಬಾರದು. 60 ಡಿಗ್ರಿಯ ನೀರು ಮಗುವಿನ ಚರ್ಮವನ್ನು ಕೆಲವೇ ಕ್ಷಣಗಳಲ್ಲಿ ಸುಡಬಲ್ಲದು. ಆದ್ದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.

ಜತ್ತದ ಆ ಮನೆಯಲ್ಲಿ ಈಗ ಸ್ನಾನದ ಸರದಿ ಬದಲಾಗಿದೆ. ನಸುಕಿನಲ್ಲೇ ಎದ್ದು ಒಲೆ ಹಚ್ಚುವ ತಾಯಿಯದು ಮೊದಲ ಬಕೆಟ್, ಆಯಿಯದು ಎರಡನೆಯದು. ಗುಂಡಿ ತಿರುಗಿಸಿದ ತಂದೆಯದು ಕೊನೆಯದು.